ಇವತ್ತು ಮಡುವಿನ ನೀರು

"ನೀವು ನಮ್ಮ ನದೀನ ತಣ್ಣಗೆ ಮಾಡಿಬಿಟ್ರಿ," ಎಂದಳು ಶಶಿರೇಖ ಫೋನಿನಲ್ಲಿ. ಹಲೋ ಇಲ್ಲ, ನಮಸ್ಕಾರ ಇಲ್ಲ.

ಆ ಕಡೆಯಿಂದ ಹುಷಾರಾದ ದನಿಯೊಂದು ಕೇಳಿತು. "ಯಾರು ಮೇಡಂ ಮಾತಾಡೋದು?"

"ಬೂದಿಕೋಟೆ ಡೈರಿ. ಗುರುವಾರ ಮಿಷನ್ ಸರ್ವಿಸ್‌ಗೆ ಬಂದಿದ್ರಲ್ಲ, ನನ್ನ ಥರ್ಮಾಮೀಟರು ಸುಳ್ಳು ಹೇಳುತ್ತೆ ಅಂದ್ರಲ್ಲ, ಅದೇ ಡೈರಿ."

"ಓ, ಥರ್ಮಾಮೀಟರ್ ಮೇಡಂ."

"ಹೆಸರು ಶಶಿರೇಖ."

ಅವಳ ಸಿಟ್ಟಿಗೆ ಕಾರಣವಿತ್ತು. ಶಶಿರೇಖ ಆ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಐದೂವರೆಗೆ ಷಟರ್ ಎತ್ತಿ, ಊರಿನವರು ತರುವ ಹಾಲನ್ನು ಪರೀಕ್ಷೆ ಮಾಡಿ, ಏಳು ಗಂಟೆಗೆ ಕ್ಯಾನುಗಳನ್ನು ಲಾರಿಗೆ ಏರಿಸುವುದು ಅವಳ ಕೆಲಸ. ನೀರು ಬೆರೆಸಿ ತಂದವರು ಮಿಷನ್ನಿಗಿಂತ ಮೊದಲು ಅವಳ ಹುಬ್ಬು ನೋಡಿಯೇ ತಪ್ಪೊಪ್ಪಿಕೊಳ್ಳುತ್ತಿದ್ದರು. ಎಲೆಕ್ಟ್ರಾನಿಕ್ ಮಿಷನ್ ಬಂದ ಮೇಲೆ ಡೈರಿಯ ಹಳೆಯ ಗಾಜಿನ ಥರ್ಮಾಮೀಟರು ಕೆಲಸವಿಲ್ಲದೆ ಮೊಳೆಗೆ ನೇತಾಡುತ್ತಿತ್ತು. ಅದಕ್ಕೆ ಅವಳು ಹೊಸ ಕೆಲಸ ಕೊಟ್ಟಿದ್ದಳು.

ಊರಾಚೆ ಮಾರ್ಕಂಡೇಯ ನದಿಗೆ ಒಂದು ಸಣ್ಣ ಒಡ್ಡು ಇದೆ. ಒಡ್ಡಿನ ಹಿಂದೆ ನೀರು ನಿಂತು ಮಡುವಾಗಿದೆ. ದಿನಾ ಏಳೂವರೆಗೆ ಶಶಿರೇಖ ಅಲ್ಲಿಗೆ ಹೋಗಿ, ಥರ್ಮಾಮೀಟರ್ ಅದ್ದಿ, ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕುತ್ತಿದ್ದಳು. "ಇವತ್ತು ಮಡುವಿನ ನೀರು 23. ಇಳಿಯಬಹುದು." ಅದನ್ನು ನೋಡಿಕೊಂಡು ಡೈರಿಗೆ ಹಾಲು ಹಾಕುವ ಐದು ಜನ ಹೆಂಗಸರು ಈಜು ಕಲಿಯಲು ಬರುತ್ತಿದ್ದರು. ಮೊದಲ ಶಿಷ್ಯೆ ಅವಳ ಚಿಕ್ಕಮ್ಮ ಅನಸೂಯಮ್ಮ. ಮಂಡಿನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ನೆಪ, ಎರಡು ತಿಂಗಳಲ್ಲಿ ಅನಸೂಯಮ್ಮ ಮಡುವಿನಲ್ಲಿ ಅಂಗಾತ ತೇಲುತ್ತಾ ಮನೆಯ ವಿಷಯವೆಲ್ಲ ಮಾತಾಡುವಷ್ಟು ಮುಂದುವರಿದಿದ್ದಳು.

ಗುರುವಾರ ಬಂದ ರಾಜ್‌ಕುಮಾರ್ ಎಂಬ ಈ ಮಿಷನ್ ರಿಪೇರಿಯವನು, ತನ್ನ ಕೆಲಸ ಮುಗಿಸಿ ಹೋಗಬಾರದಿತ್ತೇ? ಮೊಳೆಯ ಮೇಲಿನ ಥರ್ಮಾಮೀಟರು ಕಣ್ಣಿಗೆ ಬಿತ್ತು. ಎದುರಿನ ಸೋಡಾ ಅಂಗಡಿಯಿಂದ ಐಸ್ ತಂದು, ಕುಟ್ಟಿ ಪುಡಿ ಮಾಡಿ, ಲೋಟಕ್ಕೆ ತುಂಬಿ, ಅದರಲ್ಲಿ ಥರ್ಮಾಮೀಟರ್ ನಿಲ್ಲಿಸಿದ. ಸೊನ್ನೆ ತೋರಿಸಬೇಕಾದದ್ದು ಮೂರು ತೋರಿಸಿತು.

"ಮೂರು ಡಿಗ್ರಿ ಜಾಸ್ತಿ ಹೇಳುತ್ತೆ ಮೇಡಂ," ಎಂದು ಸಂಕೋಚದಿಂದಲೇ ಹೇಳಿ ಹೋಗಿದ್ದ.

ಶಶಿರೇಖ ಪ್ರಾಮಾಣಿಕಳು. ಮಾರನೆಯ ದಿನವೇ ಮೂರು ಕಳೆದು "ನೀರು 20" ಎಂದು ಹಾಕಿದಳು. ಅಂದಿನಿಂದ ಒಬ್ಬರೂ ಮಡುವಿಗೆ ಇಳಿದಿಲ್ಲ.

"ನೀರು ಅದೇ ತಾನೇ ಮೇಡಂ?" ಎಂದ ರಾಜ್‌ಕುಮಾರ್ ಫೋನಿನಲ್ಲಿ.

"ನೀರು ಅದೇ. ನಮ್ಮ ಚಿಕ್ಕಮ್ಮಂಗೆ ಚಳಿ ಆಗೋದು ನಂಬರಿಂದ. ನಿನ್ನೆ ಇಪ್ಪತ್ಮೂರಿತ್ತು, ಇವತ್ತು ಇಪ್ಪತ್ತು ಅಂದ್ರೆ ಹೆಂಗೆ ಇಳಿಯೋದು ಅಂತ ಕೂತವ್ಳೆ."

ಅವನು ನಕ್ಕ. ತಡೆದು ತಡೆದು, ಕೊನೆಗೆ ತಡೆಯಲಾರದೆ ಬಂದ ನಗು ಅದು. ಸಿಟ್ಟಿನಲ್ಲಿದ್ದ ಶಶಿರೇಖಳಿಗೆ ಆ ನಗು ಇಷ್ಟವಾಗಿಬಿಟ್ಟಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನಗಬೇಡಿ. ಭಾನುವಾರ ಬಂದು ನೀವೇ ಸರಿ ಮಾಡಿಕೊಡಿ," ಎಂದು ಫೋನ್ ಇಟ್ಟಳು.

*

ಭಾನುವಾರ ಅವನು ಚಿನ್ನದ ಗಣಿಯ ಊರು ಉರಿಗಾಂನಿಂದ ಬೈಕಿನಲ್ಲಿ ಬಂದ. ಡಿಸೆಂಬರಿನ ಬೆಳಿಗ್ಗೆ, ಕಿವಿಗೆ ಮಫ್ಲರ್, ಕೈಯಲ್ಲಿ ಉದ್ದ ವೈರಿನ ಡಿಜಿಟಲ್ ಥರ್ಮಾಮೀಟರು. ಮಡುವಿನ ಮೇಲೆ ಬೆಳ್ಳಗೆ ಹಬೆ ಏಳುತ್ತಿತ್ತು. ದಡದಲ್ಲಿ ಅನಸೂಯಮ್ಮ, ಕಲಾ ಮತ್ತು ಉಳಿದ ಮೂವರು ನೈಟಿಯ ಮೇಲೆ ಶಾಲು ಹೊದ್ದು, ಮದುವೆ ಮನೆಯಲ್ಲಿ ಊಟಕ್ಕೆ ಕಾಯುವವರ ಹಾಗೆ ಸಾಲಾಗಿ ಕೂತಿದ್ದರು.

ಅವನು ವೈರು ಬಿಟ್ಟ. ಓದುವ ಮುಂಚೆ ಎರಡು ಸಲ ಕಣ್ಣು ಮಿಟುಕಿಸಿದ. ನಂಬರು ಓದುವಾಗಲೆಲ್ಲ ಅವನು ಹಾಗೆ ಮಾಡುತ್ತಾನೆ ಎಂದು ಶಶಿರೇಖ ಗುರುವಾರವೇ ಗಮನಿಸಿದ್ದಳು. ಯಾಕೆ ಗಮನಿಸಿದೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

"ನೀರು ಇಪ್ಪತ್ತು. ಗಾಳಿ ಹದಿನಾಲ್ಕು," ಎಂದ.

"ನೋಡ್ದೇನೇ," ಎಂದಳು ಅನಸೂಯಮ್ಮ ಕಲಾಳಿಗೆ. "ಮಿಷನ್ನೋರೇ ಏಳ್ತಾವ್ರೆ ಇಪ್ಪತ್ತು ಅಂತ. ಸತ್ತೇ ಓಗ್ತೀವಿ."

"ಗಾಳಿಗಿಂತ ನೀರೇ ಬೆಚ್ಚಗಿದೆಯಲ್ಲ ಅಮ್ಮಾ," ಎಂದ ಅವನು.

"ಅಂಗಾದ್ರೆ ನೀನಿಳಿಯಪ್ಪ ಮೊದ್ಲು."

ರಾಜ್‌ಕುಮಾರನ ಕಿವಿ ಮಫ್ಲರಿನೊಳಗೇ ಕೆಂಪಾಯಿತು. "ನಂಗೆ ಈಜು ಬರಲ್ಲ."

ಐದು ಜನ ಹೆಂಗಸರೂ ಒಟ್ಟಿಗೆ ಶಶಿರೇಖಳ ಮುಖ ನೋಡಿದರು. ನದಿಯನ್ನು ತಣ್ಣಗೆ ಮಾಡಿದವನಿಗೆ ಈಜೇ ಬರುವುದಿಲ್ಲ.

"ನಮ್ಮ ಕಡೆ ಎಲ್ಲಿ ಈಜೋದು?" ಎಂದ ಅವನು ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ. "ಮುಚ್ಚಿದ ಗಣಿಯೊಳಗೆ ತುಂಬಿರೋ ನೀರು ಒಂದೇ. ಅದರ ಹತ್ರ ಯಾರೂ ಬಿಡಲ್ಲ."

"ಸೊಂಟದ ತನಕ ಬನ್ನಿ, ಸಾಕು. ನಾನಿರ್ತೀನಿ."

ಅವನು ಮಫ್ಲರ್ ತೆಗೆದ, ಶೂ ಬಿಚ್ಚಿದ, ಪ್ಯಾಂಟು ಮಡಚಿದ. ಆಮೇಲೆ ಜೇಬಿನಿಂದ ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟ. ಅದರ ಮೇಲೆ 417 ಎಂದು ಕೊರೆದಿತ್ತು.

"ಏನಿದು?"

"ನಮ್ಮ ತಾತಂದು. ನಂದಿದುರ್ಗ ಗಣೀಲಿ ಕೆಲಸ ಮಾಡೋರು. ಕೆಳಗೆ ಇಳಿಯೋವಾಗ ಬಿಲ್ಲೆ ಮೇಲೆ ಕೊಟ್ಟು ಇಳಿಯೋದು, ಮೇಲೆ ಬಂದು ಇಸ್ಕೊಳ್ಳೋದು. ಬಿಲ್ಲೆ ಮೇಲೇ ಉಳಿದಿದ್ರೆ ಆ ಮನುಷ್ಯ ಇನ್ನೂ ಕೆಳಗಿದಾನೆ ಅಂತ." ನಾಚಿಕೊಂಡು ಸೇರಿಸಿದ, "ಸುಮ್ಮನೆ ಇರಲಿ ಅಂತ."

ಶಶಿರೇಖ ನಗಬೇಕೆಂದಿದ್ದವಳು ನಗಲಿಲ್ಲ. ಬಿಲ್ಲೆಯನ್ನು ವೇಲಿನ ತುದಿಗೆ ಗಂಟು ಹಾಕಿಕೊಂಡಳು.

ಅವನು ಇಳಿದ. ಮೊದಲು ಹಲ್ಲು ಕಚ್ಚಿದ್ದ, ಮಂಡಿ ಮುಳುಗಿದಾಗ ಹುಬ್ಬು ಏರಿತು, ಸೊಂಟ ಮುಳುಗಿದಾಗ ಮುಖವೆಲ್ಲ ಸಡಿಲವಾಯಿತು. ಹಬೆಯ ನಡುವೆ ನಿಂತು ಅವಳ ಕಡೆ ತಿರುಗಿ, ಇಪ್ಪತ್ತೊಂಬತ್ತು ವರ್ಷದ ಗಂಡಸು ಹುಡುಗನ ಹಾಗೆ ಹೇಳಿದ, "ಬೆಚ್ಚಗಿದೆ."

ಅನಸೂಯಮ್ಮ ಶಾಲು ಬಿಸಾಕಿ ಎದ್ದಳು.

*

ಅಂದು ಮೇಲೆ ಬಂದವನು ನಡುಗುತ್ತಾ ಬಿಲ್ಲೆ ಇಸ್ಕೊಂಡು, "ಮುಂದಿನ ಭಾನುವಾರ ಬರಬಹುದಾ?" ಎಂದು ಕೇಳಿದ. ಮಿಷನ್ ನೋಡಲೋ, ಈಜು ಕಲಿಯಲೋ ಎಂದು ಶಶಿರೇಖ ಕೇಳಲಿಲ್ಲ. ಕೇಳಿದ್ದರೆ ಅವನು ನಿಜ ಹೇಳುತ್ತಿದ್ದ, ನಿಜ ಕೇಳಲು ಅವಳಿಗೆ ಆಗಿನ್ನೂ ಅವಸರವಿರಲಿಲ್ಲ.

ಬೆನ್ನಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿ ಅವಳು ಅವನಿಗೆ ತೇಲುವುದು ಕಲಿಸಿದಳು. ಕ್ಯಾನಿನ ಮೇಲಿದ್ದ ಸೂರ್ಯಕಾಂತಿ ಚಿತ್ರ ನೋಡಿ ಹೆಂಗಸರು ಅವನಿಗೆ ಸನ್‌ಫ್ಲವರ್ ಸಾರ್ ಎಂದು ಹೆಸರಿಟ್ಟರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬರುವಾಗ ರಾಬರ್ಟ್‌ಸನ್‌ಪೇಟೆಯಿಂದ ಬಿಸಿ ಬನ್ನು ಕಟ್ಟಿಸಿಕೊಂಡು ಬರುತ್ತಿದ್ದ, ಈಜಿ ಎದ್ದವರಿಗೆಲ್ಲ ಒಂದೊಂದು, ಹಸು ತೊಳೆಯಲು ಬರುವ ಶಶಿರೇಖಳ ಅಪ್ಪನಿಗೂ ಒಂದು.

ನೀರಿನ ವಿಷಯದಲ್ಲಿ ಶಶಿರೇಖಳ ಕಾನೂನು ಕಟ್ಟುನಿಟ್ಟು. "ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಬರೀ ಕಾಲು ತೊಳೆದು ಮನೆಗೆ ಹೋಗೋದು. ಇಪ್ಪತ್ತು ಇಪ್ಪತ್ತೊಂದಕ್ಕೆ ಹತ್ತು ನಿಮಿಷ, ತುಟಿ ನೀಲಿ ಆಗೋ ಮುಂಚೆ ಎದ್ದುಬಿಡಬೇಕು," ಎನ್ನುತ್ತಿದ್ದಳು. "ಮಾರ್ಚಲ್ಲಿ ನೋಡಿ, ಇಪ್ಪತ್ತೈದು ಇಪ್ಪತ್ತಾರು, ನೀರು ಮೈಗೆ ಅಂಟಿದ್ದೇ ಗೊತ್ತಾಗಲ್ಲ. ಕಲಿಯೋಕೆ ಅದೇ ಸರಿ."

"ಮಳೆಗಾಲದಲ್ಲಿ?"

"ಆಗ ಡಿಗ್ರಿ ಸರಿ ಇರುತ್ತೆ, ನೀರಿನ ಬುದ್ಧಿ ಸರಿ ಇರಲ್ಲ. ಕೆಂಪಗೆ ಬಂದ ನೀರಿಗೆ ಇಳಿಯೋ ಹಾಗೇ ಇಲ್ಲ."

ಅವನು ಅದನ್ನೆಲ್ಲ ಪರೀಕ್ಷೆಗೆ ಓದುವವನ ಹಾಗೆ ಕೇಳುತ್ತಿದ್ದ. ಕ್ಯಾನು ಬಿಚ್ಚಿ ನೀರಿನಲ್ಲಿ ಅಂಗಾತ ಮಲಗಿ, ಅವಳ ಎರಡು ಬೆರಳು ಬೆನ್ನಿನ ಕೆಳಗಿದ್ದರೆ ತೇಲುತ್ತಿದ್ದ, ಬೆರಳು ತೆಗೆದರೆ ಮುಳುಗುತ್ತಿದ್ದ. ಒಂದು ಭಾನುವಾರ ಅವಳು ಬೆರಳು ತೆಗೆದು ಪೂರಾ ಒಂದು ನಿಮಿಷವಾಗಿತ್ತು, ಅವನಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ನೀರಿನ ಹನಿ ಇಟ್ಟುಕೊಂಡು ತೇಲುತ್ತಿದ್ದ.

"ಕೈ ತೆಗೀಬೇಡಿ," ಎಂದ.

"ತೆಗೆಯಲ್ಲ," ಎಂದಳು, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು.

ಅವನು ಕಣ್ಣು ತೆರೆದ. ಅವಳ ಕೈ ಎಲ್ಲಿದೆ ಎಂದು ನೋಡಿದ. ಆಮೇಲೆ ಅವಳ ಮುಖ ನೋಡಿದ, ನಂಬರು ಓದುವ ಹಾಗೆ ಎರಡು ಸಲ ಕಣ್ಣು ಮಿಟುಕಿಸಿ. ಮುಳುಗಲಿಲ್ಲ. ಶಶಿರೇಖಳೇ ಮೊದಲು ಬೇರೆ ಕಡೆ ತಿರುಗಿದಳು, ಜೀವಮಾನದಲ್ಲಿ ಅಪರೂಪಕ್ಕೆ.

ಅಂದು ಅವಳಿಗೆ ನಿಶ್ಚಯವಾಯಿತು. ಇವನೇ. ಹಾಲು ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವಷ್ಟು ಸಲೀಸಾಗಿ ನಿಶ್ಚಯವಾಯಿತು.

*

ಮಾರ್ಚ್ ಮೊದಲ ವಾರ ಅವಳ ಅಪ್ಪ ಮುನಿಸ್ವಾಮಪ್ಪ ಹಸುವಿನ ಮೈ ತಿಕ್ಕುತ್ತಾ ವಿಷಯ ತೆಗೆದ.

"ಮುಳಬಾಗ್ಲು ಕಡೆಯೋರು ಯುಗಾದಿ ಆಗಿ ಮೂರನೇ ದಿನ ಬತ್ತಾರಂತೆ. ಉಡುಗ ಟೀಚರ್ರು. ನೋಡ್ಕೊಂಡು ಓಗ್ತಾರೆ, ಅಷ್ಟೇ."

"ನಂಗೊಬ್ಬ ಸಿಕ್ಕವ್ನೆ ಅಪ್ಪ."

ಮುನಿಸ್ವಾಮಪ್ಪನ ಕೈ ನಿಲ್ಲಲಿಲ್ಲ. ಮಗಳನ್ನು ಏಳು ವರ್ಷಕ್ಕೇ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ತಳ್ಳಿ ಈಜು ಕಲಿಸಿದವನು, ಅವಳು ಎಲ್ಲಿ ಎದ್ದರೂ ಅವನಿಗೆ ಆಶ್ಚರ್ಯವಿಲ್ಲ. "ಆ ಎಣ್ಣೆ ಕ್ಯಾನಿನೋನಾ?"

"ಹೂಂ. ಉರಿಗಾಂನೋನು."

"ಮನೇಲಿ ತಮಿಳು."

"ನಮ್ಮ ಮನೇಲಿ ಅರ್ಧ ತೆಲುಗು ಮಾತಾಡಲ್ವಾ?"

ಮುನಿಸ್ವಾಮಪ್ಪ ಹಸುವಿನ ಬಾಲ ತೊಳೆದ. "ನಿನ್ನ ಕೇಳಿದ್ನಾ ಅವ್ನು?"

"ಇನ್ನೂ ಇಲ್ಲ. ಕೇಳ್ತಾನೆ."

"ಸರಿ ಕಣವ್ವ. ಯುಗಾದಿ ಒಳಗೆ ಅವ್ನೇ ಬಂದು ನನ್ನ ಮುಂದೆ ನಿಂತು, ಬಾಯಿ ಬಿಟ್ಟು ಕೇಳಿದ್ರೆ, ಮುಳಬಾಗ್ಲೋರಿಗೆ ಬೇಡ ಅಂತೀನಿ. ಇಲ್ದಿದ್ರೆ ಅವ್ರು ಬತ್ತಾರೆ, ನೀನು ಕಾಫಿ ಕೊಡ್ತೀಯ. ಆದ್ರೆ ನೀನು ಏಳ್ಕೊಟ್ಟು ಕಳಿಸಂಗಿಲ್ಲ. ಬಾಯಿಲ್ಲದೋನಿಗೆ ನನ್ನ ಮಗಳನ್ನ ಕೊಡಲ್ಲ ನಾನು."

"ಹೇಳಿಕೊಡಲ್ಲ," ಎಂದಳು ಶಶಿರೇಖ. ಅವಳಿಗೆ ಹೆದರಿಕೆಯೇನೂ ಆಗಲಿಲ್ಲ. ಯುಗಾದಿಗೆ ಇನ್ನೂ ಐದು ವಾರವಿತ್ತು, ಅಂದರೆ ಐದು ಭಾನುವಾರ. ಅಷ್ಟರಲ್ಲಿ ಕಲ್ಲೂ ಮಾತಾಡೀತು ಎಂದುಕೊಂಡಳು.

ಕಲ್ಲು ಮಾತಾಡಲಿಲ್ಲ. ಮೊದಲ ಭಾನುವಾರ ರಾಜ್‌ಕುಮಾರ್ ಕ್ಯಾನಿಲ್ಲದೆ ಈಜಿದ. ಎರಡನೆಯದು ಹತ್ತು ಮಾರು ಹೋಗಿ ಬಂದ. "ಆ ದಡ ಮುಟ್ಟಿದ ದಿನ ನಿಮಗೊಂದು ಮಾತು ಹೇಳಬೇಕು," ಎಂದ ಬನ್ನು ಮುರಿಯುತ್ತಾ.

"ಈ ದಡದಲ್ಲೇ ಹೇಳಬಹುದು."

"ಇಲ್ಲ. ಪೂರ್ತಿ ಬಂದ ಮೇಲೆ. ಮಿಷನ್ನಲ್ಲೂ ಅಷ್ಟೇ, ಅರ್ಧ ಕೆಲಸಕ್ಕೆ ನಾನು ಸೀಲ್ ಹಾಕಲ್ಲ."

ಮಡುವಿನ ಅಗಲ ನಲವತ್ತು ಮಾರು. ಶಶಿರೇಖ ಮನಸ್ಸಿನಲ್ಲೇ ಅದನ್ನು ಕಿರಿದು ಮಾಡಲು ನೋಡಿದಳು.

*

ಮಾರ್ಚ್ ಕೊನೆಯ ಭಾನುವಾರ ಅವನ ಬೈಕು ಕೈಕೊಟ್ಟು, ಬಂಗಾರಪೇಟೆಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಹೆಂಗಸರು ಮನೆಗೆ ಹೋಗಿದ್ದರು. ಅನಸೂಯಮ್ಮ ಮಾತ್ರ ಹೊಂಗೆ ಮರದ ಕೆಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಬಿಸಿಲಿಗೆ ಮಡು ಹೊಳೆಯುತ್ತಿತ್ತು, ಮೇಲೆಲ್ಲ ಹೊಂಗೆ ಹೂವು ಉದುರಿತ್ತು.

"ನೀರು ಇಪ್ಪತ್ತೊಂಬತ್ತು," ಎಂದ ರಾಜ್‌ಕುಮಾರ್ ದಡದಲ್ಲಿ ವೈರು ಬಿಟ್ಟು. "ಮೇಲೇ ಇಷ್ಟು ಬಿಸಿ ಅಂದ್ರೆ, ಕೆಳಗೆ ನಲವತ್ತು ಇರಬಹುದಾ?"

"ಕೆಳಗೆ ತಣ್ಣಗಿರುತ್ತೆ."

"ಅದು ಹೆಂಗೆ? ಇಳಿದಷ್ಟೂ ಬಿಸಿ ತಾನೇ ಆಗೋದು."

ಅವಳು ತಮಾಷೆ ಎಂದುಕೊಂಡಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕೇಳಿಕೊಂಡು ಬೆಳೆದ ಮಾತು ಅದು. ತಾತ ಆರುಮುಗಂ ಮೂವತ್ತು ವರ್ಷ ಗಣಿಗೆ ಇಳಿದವರು, ಕೆಳಗೆ ಹೋದಷ್ಟೂ ಬಂಡೆ ಕಾದಿರುತ್ತಿತ್ತು, ಲಂಗೋಟಿಯಲ್ಲಿ ಕೆಲಸ ಮಾಡುತ್ತಿದ್ದರು. ಉರಿಗಾಂನ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಆಳ ಎಂದರೆ ಬಿಸಿ. ಇನ್ನೊಂದು ಥರ ಇರಬಹುದು ಎಂದು ಅಲ್ಲಿ ಯಾರಿಗೂ ಅನಿಸುವ ಸಂದರ್ಭವೇ ಬಂದಿರಲಿಲ್ಲ.

"ಅಳೆದೇ ತೋರಿಸ್ತೀನಿ," ಎಂದು ಬಿಲ್ಲೆಯನ್ನು ಅವಳ ಕೈಗಿಟ್ಟ. ಅವಳು ಅಭ್ಯಾಸಬಲದಿಂದ ಅದನ್ನು ವೇಲಿಗೆ ಗಂಟು ಹಾಕಿಕೊಂಡಳು.

"ಬೇಡ. ಮಧ್ಯದಲ್ಲಿ ಎರಡಾಳುದ್ದ ಇದೆ. ವೈರು ಇಳಿಬಿಟ್ಟು ನೋಡಿ."

"ವೈರು ಅಷ್ಟುದ್ದ ಇಲ್ಲ."

ಅವಳು ಮತ್ತೆ ಬೇಡ ಎನ್ನುವಷ್ಟರಲ್ಲಿ ಅವನು ಥರ್ಮಾಮೀಟರ್ ಮುಷ್ಟಿಯಲ್ಲಿ ಹಿಡಿದು ಈಜಿಕೊಂಡು ಹೋಗಿ, ತಲೆ ಕೆಳಗೆ ಮಾಡಿ ಮುಳುಗಿಬಿಟ್ಟ.

ಶಶಿರೇಖ ಎಣಿಸಿದಳು. ಹತ್ತಕ್ಕೆ ಮೇಲೆ ಬಂದ, ಆದರೆ ಬಂದ ರೀತಿ ಸರಿ ಇರಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಒಂದು ಕಾಲು ಮರದ ತುಂಡಿನ ಹಾಗೆ ಸೆಟೆದುಕೊಂಡಿತ್ತು. ಮತ್ತೆ ಮುಳುಗಿದ.

ಅವಳು ಹಾರಿದ್ದು ಅವಳಿಗೇ ನೆನಪಿಲ್ಲ. ಷರಟಿನ ಕಾಲರ್ ಕೈಗೆ ಸಿಕ್ಕಿದ್ದು, ಅವನ ಗಲ್ಲವನ್ನು ತನ್ನ ಭುಜಕ್ಕೆ ಒತ್ತಿ ಹಿಡಿದಿದ್ದು, ಅನಸೂಯಮ್ಮ ಸೀರೆ ಎತ್ತಿ ಕಟ್ಟಿ ಅರ್ಧ ನೀರಿಗೆ ಬಂದು ಎಳೆದುಕೊಂಡಿದ್ದು ನೆನಪಿದೆ. ದಡದಲ್ಲಿ ಅವನು ಕೆಮ್ಮಿ ಕೆಮ್ಮಿ ನೀರು ಕಕ್ಕಿದ. ಅನಸೂಯಮ್ಮ ಮೀನಖಂಡ ತಿಕ್ಕಿದಳು. ಮುಷ್ಟಿಯಲ್ಲಿ ಥರ್ಮಾಮೀಟರು ಹಾಗೇ ಇತ್ತು. ಅತಿ ಕಡಿಮೆ ನಂಬರನ್ನು ಹಿಡಿದಿಡುವ ಮಿಷನ್ ಅದು, ಕೆಳಗಿನ ನಂಬರು ಅದರಲ್ಲಿ ಉಳಿದಿತ್ತು: 22.

"ಏಳು ಡಿಗ್ರಿ," ಎಂದಳು ಶಶಿರೇಖ. ಅವಳ ಮಾತು ಒರಟಾಗಿತ್ತು. "ಮೇಲಕ್ಕೂ ಕೆಳಕ್ಕೂ ಏಳು ಡಿಗ್ರಿ ವ್ಯತ್ಯಾಸ. ಹೇಳಿದ್ರೆ ಕೇಳಲ್ಲ ನೀವು. ಸತ್ತೋಗಿದ್ರೆ ನಾನೇನು ಮಾಡಬೇಕಿತ್ತು?"

ಅವನು ಅವಳನ್ನೇ ನೋಡಿದ. ಅವಳು ಅಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ತನ್ನಿಂದ ಅಳುವಂತಾಯಿತು ಎಂಬುದಷ್ಟೇ ಅವನ ತಲೆಗೆ ಹೋಯಿತು, ಯಾಕೆ ಅಳುತ್ತಾಳೆ ಎಂಬುದು ಹೋಗಲಿಲ್ಲ.

"ನಂಗೆ ನೀರು ಆಗಿಬರಲ್ಲ ಶಶಿ," ಎಂದ. ಮೊದಲ ಸಲ ಮೇಡಂ ಬಿಟ್ಟು ಹಾಗೆ ಕರೆದ, ಅದೂ ಹೊರಡುವಾಗ. "ನಿಮಗೆ ಸುಮ್ಮನೆ ತೊಂದರೆ." ಒದ್ದೆ ಷರಟಿನಲ್ಲೇ ಕುಂಟುತ್ತಾ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಬಿಲ್ಲೆ ಅವಳ ವೇಲಿನ ಗಂಟಿನಲ್ಲೇ ಉಳಿಯಿತು.

*

ಗುರುವಾರ ಡೈರಿಗೆ ಸರ್ವಿಸ್‌ಗೆ ಬಂದವನು ನಾಗೇಶ್ ಎಂಬ ಇನ್ನೊಬ್ಬ. ರಾಜ್‌ಕುಮಾರ್ ಕೇಳಿಕೊಂಡು ರೂಟ್ ಬದಲಾಯಿಸಿಕೊಂಡಿದ್ದಾನೆ ಎಂದ. ರಾಜ್‌ಕುಮಾರನ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಯುಗಾದಿ ಮಂಗಳವಾರ.

"ಐದೇ ದಿನ," ಎಂದ ಮುನಿಸ್ವಾಮಪ್ಪ ರಾತ್ರಿ ಊಟಕ್ಕೆ ಕೂತು. ಖುಷಿಯಿಂದೇನೂ ಹೇಳಲಿಲ್ಲ.

ಶಶಿರೇಖ ಶುಕ್ರವಾರ ಡೈರಿ ಮುಗಿಸಿ ಬಂಗಾರಪೇಟೆಗೆ ಬಸ್ಸು ಹತ್ತಿದಳು, ಅಲ್ಲಿಂದ ರೈಲಿನಲ್ಲಿ ಉರಿಗಾಂಗೆ ಹೋದಳು. ಅಪ್ಪನಿಗೆ ಕೊಟ್ಟ ಮಾತು ನೆನಪಿತ್ತು. ಹೇಳಿಕೊಡುವುದಿಲ್ಲ ಎಂದಿದ್ದಳು, ಹೋಗುವುದಿಲ್ಲ ಎಂದಿರಲಿಲ್ಲ. ಬಿಲ್ಲೆ ವಾಪಸ್ ಕೊಡುವುದು ಯಾರೂ ತಪ್ಪೆನ್ನದ ಕೆಲಸ.

ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಕೆಳಗಿನ ಲೈನಿನಲ್ಲಿ ಮೂರು ಜನರನ್ನು ಕೇಳಿದ ಮೇಲೆ ಮನೆ ಸಿಕ್ಕಿತು. ಜಗಲಿಯ ಮೇಲೆ ರಾಜ್‌ಕುಮಾರ್ ತಕ್ಕಡಿಯೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅವಳನ್ನು ಕಂಡು ಸ್ಕ್ರೂಡ್ರೈವರ್ ಹಿಡಿದೇ ಎದ್ದು ನಿಂತ. ಒಳಗಿನಿಂದ ಅವನ ಅಜ್ಜಿ ಪೆದ್ದಮ್ಮ ಇಣುಕಿದಳು, ಹಿಂದೆಯೇ ತೆಳ್ಳಗಿನ ತಾತ ಆರುಮುಗಂ.

"ನೀರಿಂದ ಎತ್ತಿದೋರು," ಎಂದ ರಾಜ್‌ಕುಮಾರ್, ಪರಿಚಯ ಮಾಡಿಕೊಡುವ ಧಾಟಿಯಲ್ಲಿ.

"ಒಳಗೆ ವಾಮ್ಮಾ, ಕೂತ್ಕೋ," ಎಂದರು ಆರುಮುಗಂ. ಪೆದ್ದಮ್ಮ ಕಾಫಿಗೆ ಹೋದಳು.

ಶಶಿರೇಖ ಕೂರಲಿಲ್ಲ. ಗಂಟು ಬಿಚ್ಚಿ ಬಿಲ್ಲೆಯನ್ನು ಮುದುಕರ ಮುಂದೆ ಹಿಡಿದಳು. "ಇದು ನಿಮ್ಮದಂತೆ ತಾತ. ನಿಮ್ಮ ಮೊಮ್ಮಗ ಮರೆತು ಬಂದ್ರು."

ಆರುಮುಗಂ ಬಿಲ್ಲೆ ನೋಡಿದರು. ಮುಟ್ಟಲಿಲ್ಲ. "ಎಲ್ಲಿ ಕೊಟ್ಟ ನಿನಗೆ?"

"ಮಡುವಿನ ಹತ್ರ. ಇಳಿಯೋ ಮುಂಚೆ."

"ಮತ್ತೆ ಇಲ್ಲಿ ತಂದು ಕೊಟ್ಟರೆ ನಾನು ಹೆಂಗಮ್ಮಾ ತಗೊಳ್ಳೋದು? ಬಿಲ್ಲೆ ಮನೇಲಿ ಕೊಡೋ ಹಾಗಿಲ್ಲ. ಎಲ್ಲಿ ಇಳಿದ್ನೋ ಅಲ್ಲೇ, ಮೇಲೆ ಬಂದೋನ ಕೈಗೇ ಕೊಡಬೇಕು. ಅದೇ ರೂಲು." ಮೊಮ್ಮಗನ ಕಡೆ ತಿರುಗಿದರು. "ಬಿಲ್ಲೆ ಇವಳ ಹತ್ರ ಇದೆ. ಅಂದ್ರೆ ನೀನು ಇನ್ನೂ ಕೆಳಗೇ ಇದೀಯ ಡಾ."

ರಾಜ್‌ಕುಮಾರ್ ತಲೆ ತಗ್ಗಿಸಿದ. "ತಾತ, ಇಳಿದಷ್ಟೂ ಬಿಸಿ ಅಂತ ನೀನು ತಾನೇ ಹೇಳಿದ್ದು."

"ಬಂಡೆ ವಿಷಯ ಹೇಳಿದ್ದು ಡಾ ನಾನು. ನೀರಿನ ವಿಷಯ ನಂಗೇನು ಗೊತ್ತು? ಅದನ್ನ ಗೊತ್ತಿರೋರನ್ನ ಕೇಳಬೇಕಲ್ವಾ?" ಎಂದು ಮುದುಕರು ಶಶಿರೇಖಳ ಕಡೆ ಗಲ್ಲ ಎತ್ತಿ ತೋರಿಸಿದರು.

ಪೆದ್ದಮ್ಮನ ಕಾಫಿ ಕುಡಿದು ಅವಳು ಹೊರಟಳು. ಅವನು ಸ್ಟೇಷನ್ ತನಕ ಹಿಂದೆ ಬಂದ. ರೈಲು ಬರುವವರೆಗೂ ಇಬ್ಬರೂ ಹಳಿ ನೋಡುತ್ತಾ ನಿಂತರು. ಅವಳ ನಾಲಿಗೆ ತುದಿಯಲ್ಲಿ ಮುಳಬಾಗಿಲು, ಟೀಚರು, ಯುಗಾದಿ ಎಲ್ಲ ಇತ್ತು. ಇಷ್ಟು ಕಷ್ಟಪಟ್ಟು ಅವಳು ಯಾವತ್ತೂ ಬಾಯಿ ಮುಚ್ಚಿಕೊಂಡಿರಲಿಲ್ಲ.

"ಸೋಮವಾರ ಬೆಳಿಗ್ಗೆ ಆರೂವರೆಗೆ ನೀರು ಇಪ್ಪತ್ತಾರು ಇರುತ್ತೆ," ಎಂದಳು ಕೊನೆಗೆ. "ಈಜೋಕೆ ಅದಕ್ಕಿಂತ ಒಳ್ಳೆ ನೀರು ವರ್ಷದಲ್ಲಿ ಸಿಗಲ್ಲ. ಮೇಲೆ ಮೇಲೆ ಈಜಬೇಕು, ಅಷ್ಟೇ. ಕೆಳಗೆ ಹೋಗಿ ಅಳೆಯೋದೆಲ್ಲ ಬೇಡ."

ರೈಲು ಬಂತು. ಅವನು ಬರ್ತೀನಿ ಎನ್ನಲಿಲ್ಲ, ಬರಲ್ಲ ಎಂದೂ ಹೇಳಲಿಲ್ಲ.

*

ಸೋಮವಾರ ಡೈರಿಯನ್ನು ಕಲಾಳ ಮೇಲೆ ಬಿಟ್ಟು ಶಶಿರೇಖ ಆರು ಗಂಟೆಗೇ ಮಡುವಿಗೆ ಬಂದಳು. ಆ ದಡದಲ್ಲಿ ಮುನಿಸ್ವಾಮಪ್ಪ ಹುಲ್ಲು ಕೊಯ್ಯುತ್ತಿದ್ದ. ಅವನ ಹಸುಗಳಿಗೆ ಆ ದಡದ ಹುಲ್ಲು ಹಿಡಿಸುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಅವಳು ಗೊತ್ತಿಲ್ಲದವಳಂತೆ ಇದ್ದಳು.

ಆರೂವರೆ ಆಯಿತು. ಆರು ಮುಕ್ಕಾಲಾಯಿತು. ಅವನು ಬರದಿದ್ದರೆ ಎಂದು ಮೊದಲ ಸಲ ಅವಳಿಗೆ ಹೆದರಿಕೆಯಾಯಿತು. ಮುಳಬಾಗಿಲಿನ ಟೀಚರು ಒಳ್ಳೆಯವನೇ ಇರಬಹುದು, ಕಾಫಿ ಕುಡಿದು ಚೆನ್ನಾಗಿದೆ ಎನ್ನಬಹುದು. ಆದರೆ ಅವಳಿಗೆ ಬೇಕಾಗಿದ್ದು ಇವನು, ಎರಡು ಸಲ ಕಣ್ಣು ಮಿಟುಕಿಸುವ ಇವನು. ಅದನ್ನು ಅವಳು ಬಿಲ್ಲೆಗೆ ಹೇಳಿಕೊಂಡಳು, ಮೆಲ್ಲಗೆ.

ಬೈಕಿನ ಸದ್ದು ಕೇಳಿಸಿತು.

ರಾಜ್‌ಕುಮಾರ್ ಕೈಯಲ್ಲಿ ವೈರಿಲ್ಲ, ಮಿಷನ್ನಿಲ್ಲ. "ಪಂಕ್ಚರ್," ಎಂದ ಅಷ್ಟೇ. ಷರಟು ಬಿಚ್ಚಿ ಕಲ್ಲಿನ ಮೇಲಿಟ್ಟ. ಅವಳ ಮುಷ್ಟಿ ನೋಡಿದ. "ಬಿಲ್ಲೆ ಇದೆಯಾ?"

"ಇದೆ."

"ಹಂಗಾದ್ರೆ ಇಳಿದಾಗಿದೆ ನಾನು," ಎಂದು ನೀರಿಗೆ ಹೋದ.

ಅವನು ಚೆಂದವಾಗಿ ಈಜುತ್ತಿರಲಿಲ್ಲ. ತಲೆ ಅತಿಯಾಗಿ ಎತ್ತುತ್ತಿದ್ದ, ಕೈ ಬಡಿಯುತ್ತಿದ್ದ. ನಡುಮಡುವಿನಲ್ಲಿ, ಹಿಂದೆ ಮುಳುಗಿದ ಜಾಗದಲ್ಲಿ ಒಂದು ಕ್ಷಣ ನಿಂತ. ಶಶಿರೇಖ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಬಂದಳು. ಅವನು ಅಂಗಾತವಾದ. ಬೆನ್ನಿನ ಕೆಳಗೆ ಅವಳ ಎರಡು ಬೆರಳಿಲ್ಲದೆ, ಕಣ್ಣು ಮುಚ್ಚಿ, ಹೊಂಗೆ ಹೂಗಳ ನಡುವೆ ತೇಲುತ್ತಾ ಉಸಿರು ಹಿಡಿದುಕೊಂಡ. ಆಮೇಲೆ ತಿರುಗಿ ಕೈ ಬೀಸಿದ. ನೀರು ಮೈ ಹಿಡಿಯಲಿಲ್ಲ, ಕಾಲು ಸೆಟೆಯಲಿಲ್ಲ. ಆ ದಡದ ಕಲ್ಲು ಅವನ ಕೈಗೆ ಸಿಕ್ಕಿತು.

ಸೀದಾ ಮುನಿಸ್ವಾಮಪ್ಪನ ಮುಂದೆ ಹೋಗಿ ನಿಂತ, ನೀರು ಸುರಿಸುತ್ತಾ.

ಒಡ್ಡಿನ ಮೇಲೆ ಬೀಳುವ ನೀರಿನ ಸದ್ದಿಗೆ ಈ ದಡದಲ್ಲಿ ಒಂದಕ್ಷರ ಕೇಳಿಸುತ್ತಿರಲಿಲ್ಲ. ಶಶಿರೇಖ ನೋಡಿದಳು. ಅವನು ಏನೋ ಹೇಳಿದ. ಅಪ್ಪ ಕುಡುಗೋಲು ಕೆಳಗಿಟ್ಟ. ಅವನು ಇನ್ನೇನೋ ಹೇಳಿದ, ಈ ದಡದ ಕಡೆ ಕೈ ತೋರಿಸಿದ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವನಿಗೆ ಕೊಟ್ಟ.

ಅವಳು ಚೂಡಿದಾರದಲ್ಲೇ ನೀರಿಗೆ ಬಿದ್ದಳು. ನಲವತ್ತು ಮಾರು ಅಂದು ನಾಲ್ಕು ಮಾರಾಗಿತ್ತು.

"ಇವ್ನು ಏನೋ ಕೇಳ್ತಾವ್ನೆ ಕಣವ್ವ," ಎಂದ ಮುನಿಸ್ವಾಮಪ್ಪ, ಹುಲ್ಲಿನ ಹೊರೆ ಎತ್ತಿಕೊಳ್ಳುತ್ತಾ. "ಬಾಯಿ ಇದೆ. ಅಲ್ಲು ಕಟಕಟ ಅಂತಾ ಇದ್ರೂ ಪೂರಾ ಕೇಳ್ದ. ನೀನೇ ಉತ್ತರ ಏಳ್ಕೋ. ಮುಳಬಾಗ್ಲೋರಿಗೆ ನಾನು ಫೋನ್ ಮಾಡ್ತೀನಿ." ಹಿಂದೆ ನೋಡದೆ ನಡೆದ.

ಅವಳು ಕೂದಲು ಹಿಂಡುತ್ತಾ ರಾಜ್‌ಕುಮಾರನನ್ನು ನೋಡಿದಳು. "ಮೊದಲು ನನ್ನ ಕೇಳಬೇಕಿತ್ತು."

"ನಿನ್ನ ಕೇಳೋಕೆ ಹೆದರಿಕೆ ಆಯ್ತು. ಅಪ್ಪನ್ನ ಕೇಳೋದು ಸುಲಭ."

ನೀವು ಹೋಗಿ ನೀನು ಬಂದಿದ್ದು ಇಬ್ಬರಿಗೂ ಗೊತ್ತಾಯಿತು. ಅವನ ಕಿವಿ ಕೆಂಪಾಯಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಈಗ ಕೇಳು," ಎಂದಳು.

"ನಂಗೆ ನೀನು ಬೇಕು ಶಶಿ. ಡಿಸೆಂಬರಿಂದಾನೂ ಬೇಕು."

"ನಂಗೂ," ಎಂದಳು. ಅದಕ್ಕಿಂತ ಉದ್ದದ ಉತ್ತರವನ್ನು ಅವಳು ನಾಲ್ಕು ತಿಂಗಳಿನಿಂದ ತಯಾರು ಮಾಡಿಟ್ಟಿದ್ದಳು, ಅದರ ಒಂದು ಪದವೂ ನೆನಪಾಗಲಿಲ್ಲ. ಮುಷ್ಟಿ ಬಿಚ್ಚಿ ಬಿಲ್ಲೆ ಚಾಚಿದಳು. "ತಗೋ. ಮೇಲೆ ಬಂದಿದೀಯ."

ಅವನು ಬಿಲ್ಲೆ ತೆಗೆದುಕೊಳ್ಳಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಅದರ ಮೇಲೆ ಮುಚ್ಚಿದ. "ನಿನ್ನ ಹತ್ರಾನೇ ಇರಲಿ. ಎಲ್ಲಿಗೆ ಇಳಿದ್ರೂ ನಿನ್ನ ಹತ್ರಾನೇ ಬರ್ತೀನಿ."

ಬಿಸಿಲು ಹೊಂಗೆ ಮರ ದಾಟಿ ಮಡುವಿಗೆ ಬಿದ್ದಾಗ ಇಬ್ಬರಿಗೂ ಒಂದು ನೆನಪಾಯಿತು. ಅಂದು ಯಾರೂ ನೀರು ಅಳೆದಿರಲಿಲ್ಲ. ಅವನ ಥರ್ಮಾಮೀಟರು ಮನೆಯಲ್ಲಿ, ಅವಳದು ಡೈರಿಯ ಮೊಳೆಯ ಮೇಲೆ.

ಫೋನು ಇಟ್ಟಿದ್ದ ಈಚೆ ದಡಕ್ಕೆ ಈಜಿ ಬಂದು, ಕೈ ಒರೆಸಿಕೊಂಡು ಶಶಿರೇಖ ಸ್ಟೇಟಸ್ ಹಾಕಿದಳು. ಎರಡೇ ನಿಮಿಷಕ್ಕೆ ಅನಸೂಯಮ್ಮನ ಫೋನು ಬಂತು.

"ಏನೇ ಇದು, 'ಇವತ್ತು ಮಡುವಿನ ನೀರು, ಇಳಿಯಬಹುದು' ಅಂತ ಅಷ್ಟೇ ಆಕಿದೀಯ? ಎಷ್ಟು ಅಂತ ಏಳ್ದೆ ಎಂಗೆ ಇಳಿಯೋದೇ?"

"ಸುಮ್ನೆ ಬಾ ಚಿಕ್ಕಮ್ಮ," ಎಂದಳು ಶಶಿರೇಖ. "ಬೆಚ್ಚಗಿದೆ."